ಸಹಾಯ ಬೇಕು: ಮುಂಬಡ್ತಿಯಲ್ಲಿ ಜಾತಿ ತಾರತಮ್ಯ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಪರಿಶಿಷ್ಟ ಜಾತಿಯ ಪ್ರಥಮ ದರ್ಜೆ ಸಹಾಯಕಿಯೊಬ್ಬರನ್ನು ಬಿಟ್ಟು ಅವರಿಗಿಂತ ಕಿರಿಯರಿಗೆ ಮುಂಬಡ್ತಿ ಕೊಟ್ಟಿದ್ದಾರೆ. ಕೇಳಿದರೆ ‘ಕಾರ್ಯನಿರ್ವಹಣಾ ವರದಿ ಸಾಲದು’ ಅನ್ನುವ ಬಾಯಿಮಾತಿನ ಉತ್ತರ. ಆ ವರದಿಯನ್ನು ಅವರಿಗೆ ತೋರಿಸಿಯೇ ಇಲ್ಲ. ವರದಿಯಲ್ಲಿ ಮೇಲಧಿಕಾರಿ ಬರೆದ ಷರಾ ಒಳ್ಳೆಯದಿರಲಿ ಕೆಟ್ಟದಿರಲಿ, ನೌಕರರಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ದೇವ್ ದತ್ ಪ್ರಕರಣದಲ್ಲಿ ಹೇಳಿದೆ. ಗಟ್ಟಿಯಾಗಿ ಹಿಡಿಯಬೇಕಾದ್ದು ಇದನ್ನೇ.

ಜ್ಯೇಷ್ಠತಾ ಪಟ್ಟಿ, ರೋಸ್ಟರ್ ವಹಿ (ಯಾವ ಸರದಿಯ ಹುದ್ದೆ ಯಾವ ಮೀಸಲು ವರ್ಗಕ್ಕೆ ಎಂದು ಬರೆದಿಡುವ ಪುಸ್ತಕ), ಮುಂಬಡ್ತಿ ಸಮಿತಿಯ ನಡವಳಿ, ವರದಿಯ ಪ್ರತಿ: ಇವಿಷ್ಟನ್ನು ಮಾಹಿತಿ ಹಕ್ಕಿನಡಿ ತೆಗೆಸಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎಲ್ಲ ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ವಾಪಸ್ ಕಳಿಸುತ್ತಾರೆ. ಹಾಗಾಗಿ ಬೇರೆ ಬೇರೆ ಅರ್ಜಿ, ತಲಾ 10 ರೂಪಾಯಿ ಪೋಸ್ಟಲ್ ಆರ್ಡರ್. ‘ಯಾಕೆ ಕೊಡಲಿಲ್ಲ’ ಅಂತ ಪ್ರಶ್ನೆ ಹಾಕದೆ ದಾಖಲೆಯ ದೃಢೀಕೃತ ಪ್ರತಿಯನ್ನೇ ಕೇಳಬೇಕು. ಉತ್ತರಕ್ಕೆ 30 ದಿನ.

ಬೇಕಾಗಿರುವುದು: ರೋಸ್ಟರ್ ಬಿಂದು ಲೆಕ್ಕ ಹಾಕಲು ಬಲ್ಲ ನಿವೃತ್ತ ಅಧೀಕ್ಷಕರು, ಮತ್ತು ಸರ್ಕಾರಿ ನೌಕರರ ಸೇವಾ ವ್ಯಾಜ್ಯ ನೋಡುವ ಆಡಳಿತ ನ್ಯಾಯಮಂಡಳಿಯಲ್ಲಿ ಸೇವಾ ಪ್ರಕರಣ ನಡೆಸಿದ ವಕೀಲರು. ಅಲ್ಲಿಗೆ ಹೋಗುವ ಮೊದಲು ಇಲಾಖೆಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದಿರಬೇಕು. ಅದರ ಕರಡು ನೋಡಿಕೊಡುವವರಿದ್ದರೂ ದಯವಿಟ್ಟು ಮೆಸೇಜ್ ಮಾಡಿ. ಇಲಾಖೆಯ ಹೆಸರು ಊಹಿಸಿ ಇಲ್ಲಿ ಬರೆಯಬೇಡಿ, ಆ ಸಹಾಯಕಿ ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ.