ಅಪ್‌ಡೇಟ್: ವೈಫೈ ಸರಿಯಾಯ್ತು, ತಪ್ಪು ರೂಟರ್‌ದಲ್ಲ

ಸಿಸ್ಟಮ್ ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ವೈಫೈ ಪದೇ ಪದೇ ಕಟ್ ಆಗುತ್ತಿದೆ, ಫೋನ್‌ನಲ್ಲಿ ಸರಿ ಇದೆ ಅಂತ ಹೋದ ವಾರ ಕೇಳಿದ್ದೆ. ಈಗ ನಾಲ್ಕು ದಿನದಿಂದ ಒಂದು ಸಲವೂ ಕಟ್ ಆಗಿಲ್ಲ.

ರೂಟರ್ ಆಫ್ ಮಾಡಿ ಆನ್ ಮಾಡಿದ್ದರಿಂದ ಏನೂ ಆಗಲಿಲ್ಲ. ನೆಟ್‌ವರ್ಕ್ ರೀಸೆಟ್ ಕೂಡ ಅಷ್ಟೇ. ಅದನ್ನು ಮಾಡಿದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳೆಲ್ಲ ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲಿ ಕಲಬುರಗಿಯ ಅಂಗಡಿಯೊಂದರಲ್ಲಿ ವೈಫೈ ಕಾರ್ಡೇ ಬದಲಿಸಬೇಕು ಅಂದರು. ಸದ್ಯ, ಬದಲಿಸಲಿಲ್ಲ.

ಕೆಲಸಕ್ಕೆ ಬಂದದ್ದು ‘ಹಳೇ ಡ್ರೈವರ್ ಹಾಕಿ’ ಅನ್ನೋ ಸಲಹೆ. ಡ್ರೈವರ್ ಅಂದರೆ ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ವೈಫೈ ಅಡಾಪ್ಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡ್ರೈವರ್ ಟ್ಯಾಬ್ ತೆರೆದೆ. ಹಿಂದಿನ ಡ್ರೈವರ್‌ಗೆ ಮರಳುವ ‘ರೋಲ್ ಬ್ಯಾಕ್ ಡ್ರೈವರ್’ ಬಟನ್ ಮಸುಕಾಗಿತ್ತು, ಒತ್ತಲು ಬರಲಿಲ್ಲ. ಹಳೇ ಡ್ರೈವರ್ ಲ್ಯಾಪ್‌ಟಾಪ್‌ನಲ್ಲಿ ಉಳಿದಿಲ್ಲದಿದ್ದರೆ ಹಾಗೆ ಇರುತ್ತದಂತೆ. ಆಮೇಲೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ನನ್ನ ಮಾಡೆಲ್‌ನ ಹಿಂದಿನ ಡ್ರೈವರ್ ಇಳಿಸಿ ಹಾಕಿದೆ. ರೀಸ್ಟಾರ್ಟ್ ಮಾಡಿದ ಕೂಡಲೇ ಫರಕು ಗೊತ್ತಾಯ್ತು.

ವೈಫೈ ಪದೇ ಪದೇ ಕಟ್ ಆಗುವಾಗ ಇಳಿಸೋದು ಹೇಗೆ ಅಂತೀರಾ? ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ (ಫೋನಿನ ನೆಟ್ ಲ್ಯಾಪ್‌ಟಾಪ್‌ಗೆ ಕೊಡೋದು) ಆನ್ ಮಾಡಿದೆ. ಅದಕ್ಕೆ ಲ್ಯಾಪ್‌ಟಾಪ್‌ನ ವೈಫೈ ಬೇಕೇ ಇಲ್ಲ. ಇದು ನನಗೆ ಗೊತ್ತೇ ಇರಲಿಲ್ಲ!

ಡ್ರೈವರ್ ವಿಷಯ ಹೇಳಿದ ಅಕ್ಕನಿಗೆ ಮನಸಾರೆ ಥ್ಯಾಂಕ್ಸ್. ಮಗಳ ಆನ್‌ಲೈನ್ ಕ್ಲಾಸ್ ಈಗ ನಿಲ್ಲದೆ ನಡೀತಿದೆ.