ಅಪ್‌ಡೇಟ್: ಮರುಅಭಿವೃದ್ಧಿಯಿಂದ ತೆರವಾಗುವ ಕುಟುಂಬಗಳಿಗೆ ಟ್ರಸ್ಟ್ ಮೂಲಕ ದೇಣಿಗೆ

ಮರುಅಭಿವೃದ್ಧಿ ಯೋಜನೆಗಾಗಿ ಮನೆ ತೆರವು ಮಾಡಬೇಕಾದ ಕುಟುಂಬಗಳ ಕಾನೂನು ಹೋರಾಟಕ್ಕೆಂದು ಹಣ ಸಂಗ್ರಹಿಸುತ್ತಿದ್ದ ಟ್ರಸ್ಟನ್ನು ನಂಬಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಸರ್ಕಾರಿ ಜಾಲತಾಣವಾದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಟ್ರಸ್ಟಿನ ಹೆಸರೇನೋ ಸಿಕ್ಕಿತು, ಆದರೆ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಅದರಿಂದ ತಿಳಿಯಲಿಲ್ಲ. ಫಲ ಕೊಟ್ಟದ್ದು ನಿವಾಸಿಗಳ ಸಂಘವನ್ನೇ ನೇರವಾಗಿ ವಿಚಾರಿಸಿ ಎಂಬ ಸಲಹೆ. ಸಂಘದ ಕಾರ್ಯದರ್ಶಿಯವರು ವಕೀಲರ ಶುಲ್ಕದ ರಸೀದಿಗಳನ್ನು ಒಂದೊಂದಾಗಿ ತೋರಿಸಿದರು. ಅವುಗಳ ಮೊತ್ತವು ಟ್ರಸ್ಟ್ ಕಳುಹಿಸಿದ ಲೆಕ್ಕಪರಿಶೋಧನಾ ವರದಿಯ ‘ಕಾನೂನು ನೆರವು’ ಬಾಬ್ತಿಗೆ ಸರಿಯಾಗಿ ತಾಳೆಯಾಯಿತು. ಆದಾಯ ತೆರಿಗೆ ಇಲಾಖೆಯಲ್ಲಿ ಟ್ರಸ್ಟ್ ಮಾಡಿಸುವ 80ಜಿ ನೋಂದಣಿಯಿಂದ ದಾನಿಗೆ ತೆರಿಗೆ ರಿಯಾಯಿತಿ ಸಿಗುತ್ತದೆಯೇ ಹೊರತು ಅದು ಹಣದ ಸದ್ಬಳಕೆಗೆ ಖಾತರಿಯಲ್ಲ ಎಂಬುದೂ, 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ರಿಯಾಯಿತಿಯೂ ಇಲ್ಲ ಎಂಬುದೂ ನನಗೆ ಹೊಸ ವಿಷಯ. ಹೀಗಾಗಿ ಹಣವನ್ನು ಬ್ಯಾಂಕ್ ಮೂಲಕವೇ ಕಳುಹಿಸಿ ರಸೀದಿ ಪಡೆದಿದ್ದೇನೆ.