ಎಚ್‌ಪಿವಿ ಲಸಿಕೆ: ಖಮ್ಮಂ ಘಟನೆಯನ್ನು ಮುಂದಿಟ್ಟು ಕೇಳುವ ಪೋಷಕರಿಗೆ ಏನು ಉತ್ತರ ಕೊಡಬೇಕು?

ಪ್ರೌಢಶಾಲಾ ಶಿಕ್ಷಕಿ, ಕೊಪ್ಪಳ ಜಿಲ್ಲೆ:

ಎಂಟು ಮತ್ತು ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ (ಆ ಕ್ಯಾನ್ಸರ್ ತರುವ ಹ್ಯೂಮನ್ ಪ್ಯಾಪಿಲೋಮಾ ವೈರಸ್) ಲಸಿಕೆ ಹಾಕಿಸುವ ವಿಚಾರವಾಗಿ ನಮ್ಮ ಶಾಲೆಯಲ್ಲಿ ಪೋಷಕರ ಸಭೆ ನಡೆಯಲಿದ್ದು, ಅಲ್ಲಿ ಮಾತನಾಡುವ ಹೊಣೆ ನನ್ನ ಮೇಲಿದೆ. ಖಮ್ಮಂನಲ್ಲಿ ಈ ಲಸಿಕೆ ಹಾಕಿಸಿಕೊಂಡ ಹುಡುಗಿಯರು ಸತ್ತರು ಎಂಬ ವಾಟ್ಸ್‌ಆ್ಯಪ್ ಸಂದೇಶ ಈಗಾಗಲೇ ಊರೆಲ್ಲ ಹರಡಿದೆ. ಮುಂದೆ ಮಕ್ಕಳಾಗುವುದಿಲ್ಲವಂತೆ ಎಂಬ ಭಯ ತಾಯಂದಿರಿಗಿದೆ. ಹದಿಮೂರು ವರ್ಷದ ಮಗುವಿಗೆ ಇಂಥ ಲಸಿಕೆ ಏಕೆ ಎಂದು ತಂದೆಯರು ಕೇಳುತ್ತಿದ್ದಾರೆ. ಇನ್ನೊಂದು ತೊಡಕೆಂದರೆ, ನಮ್ಮ ವಸತಿ ನಿಲಯದಲ್ಲಿರುವ ಕೆಲವು ಹುಡುಗಿಯರ ತಂದೆ-ತಾಯಿ ಗುಳೆ ಹೋಗಿದ್ದಾರೆ. ಅವರ ಪರವಾಗಿ ಮುಖ್ಯೋಪಾಧ್ಯಾಯರಾಗಲಿ ವಾರ್ಡನ್ ಆಗಲಿ ಸಹಿ ಹಾಕಿದರೆ ಸಾಲದೇ ಎಂಬ ಸಲಹೆ ಬಂದಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಸಮುದಾಯ ವೈದ್ಯಶಾಸ್ತ್ರದ ವೈದ್ಯೆ, ಮೈಸೂರು:

ಮೇಡಂ, ಖಮ್ಮಂ ವಿಷಯವನ್ನು ಸುಳ್ಳು ಸುದ್ದಿಯೆಂದು ತಳ್ಳಿಹಾಕಬೇಡಿ. ಅದನ್ನು ಪೂರ್ತಿಯಾಗಿ ಹೇಳಿದರೆ ಸಹಿಯ ಕುರಿತ ನಿಮ್ಮ ಪ್ರಶ್ನೆಗೂ ಅದರಲ್ಲೇ ಉತ್ತರವಿದೆ.

2009ರಲ್ಲಿ ಪಾಥ್ ಎಂಬ ಅಮೆರಿಕ ಮೂಲದ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಜ್ಯ ಸರ್ಕಾರಗಳೊಡನೆ ಸೇರಿ, ಆಗ ಆಂಧ್ರಪ್ರದೇಶದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರಾದಲ್ಲೂ 10ರಿಂದ 14 ವರ್ಷದ ಸುಮಾರು 24 ಸಾವಿರ ಹುಡುಗಿಯರಿಗೆ ಪ್ರಾಯೋಗಿಕ ಯೋಜನೆಯೊಂದರಲ್ಲಿ ಲಸಿಕೆ ಹಾಕಿಸಿತು. ಆ ಹುಡುಗಿಯರಲ್ಲಿ ಏಳು ಮಂದಿ ಮುಂದೆ ಬೇರೆಬೇರೆ ಸಮಯದಲ್ಲಿ ತೀರಿಕೊಂಡರು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನು ನಿಲ್ಲಿಸಿತು ಮತ್ತು ತನಿಖಾ ಸಮಿತಿಯನ್ನು ನೇಮಿಸಿತು. ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ಕೀಟನಾಶಕ ಸೇವನೆ, ಮಲೇರಿಯಾ ಇವೇ ಮೊದಲಾದ ಕಾರಣಗಳು ದಾಖಲಾದವು. ಆ ಸಾವುಗಳಿಗೂ ಲಸಿಕೆಗೂ ಸಂಬಂಧವನ್ನು ಸಮಿತಿ ಕಾಣಲಿಲ್ಲ.

ಆದರೆ ಅಲ್ಲಿ ನಿಜವಾದ ಅನ್ಯಾಯವೊಂದು ನಡೆದಿತ್ತು. 2013ರ ಸಂಸದೀಯ ಸ್ಥಾಯಿ ಸಮಿತಿಯ ವರದಿಯ ಪ್ರಕಾರ, ಆಂಧ್ರದಲ್ಲಿ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳ ಪೈಕಿ 2,763ಕ್ಕೆ ಸಹಿ ಹಾಕಿದ್ದವರು ವಸತಿ ನಿಲಯದ ವಾರ್ಡನ್‌ಗಳು. ಹೆತ್ತವರಿಗೆ ಸರಿಯಾದ ತಿಳಿವಳಿಕೆ ಕೊಟ್ಟಿರಲಿಲ್ಲ. ಲಸಿಕೆಯ ನಂತರ ಏನಾದರೂ ತೊಂದರೆಯಾದರೆ ಗುರುತಿಸಿ ದಾಖಲಿಸುವ ವ್ಯವಸ್ಥೆಯೂ ದುರ್ಬಲವಾಗಿತ್ತು. ತಮ್ಮ ಮಗುವಿಗೆ ಏನನ್ನು ಚುಚ್ಚಲಾಗಿದೆ ಎಂಬುದೇ ತಿಳಿಯದ ತಾಯಿ, ಆಮೇಲೆ ಎಂಥ ತಜ್ಞರು ಬಂದು ಸಮಾಧಾನ ಹೇಳಿದರೂ ಹೇಗೆ ನಂಬಿಯಾಳು? ಆದ್ದರಿಂದ ನೀವಾಗಲಿ ಮುಖ್ಯೋಪಾಧ್ಯಾಯರಾಗಲಿ ವಾರ್ಡನ್ ಆಗಲಿ ಯಾವ ಕಾರಣಕ್ಕೂ ಹೆತ್ತವರ ಜಾಗದಲ್ಲಿ ಸಹಿ ಹಾಕಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಗುಳೆ ಹೋದವರು ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಕೂರಿಸಿಕೊಂಡು ವಿವರಿಸಿ, ಆ ಮಕ್ಕಳಿಗೆ ಆಮೇಲೆಯೇ ಲಸಿಕೆ ಹಾಕಿಸಬಹುದು. ಕೆಲವು ತಿಂಗಳು ತಡವಾದ ಮಾತ್ರಕ್ಕೆ ಲಸಿಕೆಯ ಫಲ ಕೆಡುವುದಿಲ್ಲ.

ಇದಕ್ಕೆ ಪ್ರತಿಯಾಗಿ ಸಿಕ್ಕಿಂನ ಉದಾಹರಣೆಯನ್ನೂ ಸಭೆಯಲ್ಲಿ ಹೇಳಿ. 2018ರಲ್ಲಿ ಆ ರಾಜ್ಯ 9ರಿಂದ 13 ವರ್ಷದ ಹುಡುಗಿಯರಿಗೆ ಶಾಲೆಗಳಲ್ಲೇ ಲಸಿಕೆ ಕೊಡಿಸಿದಾಗ, ಶಿಕ್ಷಕರು, ಪೋಷಕರು, ಪತ್ರಕರ್ತರೊಂದಿಗೆ ಮೊದಲೇ ಮಾತುಕತೆ ನಡೆಸಿತ್ತು. ಶೇ 95ಕ್ಕಿಂತ ಹೆಚ್ಚು ಹುಡುಗಿಯರು ಲಸಿಕೆ ಪಡೆದರು.

ಬಂಜೆತನದ ಭಯಕ್ಕೆ ಆಧಾರವಿಲ್ಲ. ಈ ಲಸಿಕೆಯ ಮುಖ್ಯ ಅಂಶ ವೈರಸ್ಸಿನ ಹೊರಕವಚವನ್ನು ಹೋಲುವ ಪ್ರೋಟೀನ್. ಸೋಂಕು ತರಬಲ್ಲ ವೈರಸ್ ಅದರಲ್ಲಿಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಸಮಿತಿ ಪರಿಶೀಲನೆ ನಡೆಸುವ ಹೊತ್ತಿಗೆ ಜಗತ್ತಿನಾದ್ಯಂತ 27 ಕೋಟಿಗೂ ಹೆಚ್ಚು ಡೋಸ್‌ಗಳು ವಿತರಣೆಯಾಗಿದ್ದವು, ಮತ್ತು ಲಸಿಕೆ ಅತ್ಯಂತ ಸುರಕ್ಷಿತವೆಂದೇ ಸಮಿತಿ ಹೇಳಿತು. ಮಕ್ಕಳಾಗುವ ಭಾಗ್ಯವನ್ನು ಎಷ್ಟೋ ಹೆಂಗಸರಿಂದ ಕಸಿಯುತ್ತಿರುವುದು ಈ ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ.

ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ಕಲಬುರಗಿ:

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ನನ್ನದೂ ಒಂದೆರಡು ಮಾತು ಸೇರಿಸುತ್ತೇನೆ.

ಇಷ್ಟು ಚಿಕ್ಕ ವಯಸ್ಸಿಗೆ ಏಕೆ ಎಂದು ಕೇಳುವ ತಂದೆಯ ಮನಸ್ಸಿನಲ್ಲಿ ಮಗಳ ನಡತೆಯ ಬಗ್ಗೆ ಯಾರೋ ಶಂಕಿಸುತ್ತಿದ್ದಾರೆಂಬ ನೋವು ಇರುತ್ತದೆ. ಅದನ್ನು ಅರಿತು ಉತ್ತರಿಸಬೇಕು. ಈ ವೈರಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಮದುವೆಯಾದ ಮೇಲೆ ಗಂಡನಿಂದಲೂ ಬರಬಹುದು ಎಂದು ನೇರವಾಗಿ, ಗೌರವದಿಂದ ಹೇಳಿ. ಬಂದ ಸೋಂಕನ್ನು ಲಸಿಕೆ ವಾಸಿ ಮಾಡುವುದಿಲ್ಲ, ಬರುವ ಮೊದಲೇ ತಡೆಯುತ್ತದೆ. ಅದೂ ಅಲ್ಲದೆ 9ರಿಂದ 14ರ ವಯಸ್ಸಿನಲ್ಲಿ ಮಕ್ಕಳ ದೇಹ ಲಸಿಕೆಗೆ ಚೆನ್ನಾಗಿ ಸ್ಪಂದಿಸುತ್ತದೆ. ಸ್ವೀಡನ್ನಿನಲ್ಲಿ 17 ವರ್ಷಕ್ಕೆ ಮೊದಲು ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ ಶೇ 88ರಷ್ಟು ಕಡಿಮೆಯಾಗಿದ್ದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ.

ಲಸಿಕೆಯ ದಿನ ಮಕ್ಕಳು ಉಪವಾಸ ಬರದಂತೆ ನೋಡಿಕೊಳ್ಳಿ. ಚುಚ್ಚುಮದ್ದಿನ ಅಂಜಿಕೆಗೇ ಈ ವಯಸ್ಸಿನ ಹುಡುಗಿಯರು ತಲೆಸುತ್ತಿ ಬೀಳುವುದುಂಟು, ಒಬ್ಬಳು ಬಿದ್ದುದನ್ನು ಕಂಡು ಸಾಲಿನಲ್ಲಿದ್ದ ಇನ್ನಿಬ್ಬರು ಬೀಳುವುದೂ ಉಂಟು. ಕುಳಿತೇ ಹಾಕಿಸಿಕೊಳ್ಳಲಿ, ಆಮೇಲೆ ಕನಿಷ್ಠ 15 ನಿಮಿಷ ಕೂತಿರಲಿ. ತೋಳು ನೋವು, ಸ್ವಲ್ಪ ಜ್ವರ ಬರಬಹುದೆಂದು ಮೊದಲೇ ತಿಳಿಸಿದ್ದರೆ ಮನೆಯವರು ಗಾಬರಿಯಾಗುವುದಿಲ್ಲ.

ಸಭೆಗೆ ಬರುವ ತಾಯಂದಿರನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಮಗಳಿಗೆ ಲಸಿಕೆಯಿದೆ, ತಾಯಿಗೆ ಬೇಕಿರುವುದು ತಪಾಸಣೆ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂದು, 80 ಸಾವಿರದಷ್ಟು ಮಂದಿ ತೀರಿಕೊಂಡರು. ನಮ್ಮ ಜಿಲ್ಲೆಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದಿನ (ಈಗಿನ ಧಾರಾಶಿವ) ಹಳ್ಳಿಗಳಲ್ಲಿ ದೊಡ್ಡ ಅಧ್ಯಯನವೊಂದು ನಡೆಯಿತು. 2009ರಲ್ಲಿ ಫಲಿತಾಂಶ ಬಂತು. 30ರಿಂದ 59 ವರ್ಷದ ಹೆಂಗಸರಿಗೆ ಒಮ್ಮೆ ಎಚ್‌ಪಿವಿ ಪರೀಕ್ಷೆ ಮಾಡಿ, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟಿದ್ದರಿಂದಲೇ ಈ ಕ್ಯಾನ್ಸರಿನ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಹೊಲದಲ್ಲಿ ದುಡಿಯುವ, ನಮ್ಮಂಥದೇ ಊರುಗಳ ಹೆಂಗಸರು ಅವರು. ಬಿಳಿ ಸೆರಗು ವಾಸನೆಯಾದರೆ, ಮುಟ್ಟು ನಿಂತ ಮೇಲೂ ರಕ್ತ ಕಂಡರೆ, ಗಂಡನ ಜೊತೆ ಸೇರಿದಾಗ ರಕ್ತ ಹೋದರೆ ನಾಚಿಕೊಂಡು ಮುಚ್ಚಿಡಬಾರದೆಂದು ಗಂಡಸರಿಲ್ಲದ ಕೋಣೆಯಲ್ಲಿ ಬೇರೆಯಾಗಿ ಕೂರಿಸಿ ಹೇಳಿ. ಏನೂ ತೊಂದರೆ ಇಲ್ಲದಿದ್ದರೂ ಮೂವತ್ತು ದಾಟಿದವರು ತಪಾಸಣೆಗೆ ಹೋಗಲೇಬೇಕು.

ಪ್ರೌಢಶಾಲಾ ಶಿಕ್ಷಕಿ, ಕೊಪ್ಪಳ ಜಿಲ್ಲೆ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಹಿಯ ವಿಚಾರವನ್ನು ಮುಖ್ಯೋಪಾಧ್ಯಾಯರಿಗೆ ಇಂದೇ ತಿಳಿಸುತ್ತೇನೆ. ಒಂದೇ ಡೋಸ್ ಸಾಕು ಎಂದು ಕೆಲವರು, ಎರಡು ಬೇಕೆಂದು ಕೆಲವರು ಹೇಳುತ್ತಿದ್ದಾರೆ. ಯಾವುದು ಸರಿ?

ಸಮುದಾಯ ವೈದ್ಯಶಾಸ್ತ್ರದ ವೈದ್ಯೆ, ಮೈಸೂರು:

ಎರಡಕ್ಕೂ ಆಧಾರವಿದೆ. ಖಾಸಗಿಯಾಗಿ ಹಾಕಿಸುವಾಗ 9ರಿಂದ 14ರ ಮಕ್ಕಳಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಕೊಡುವುದು ಇಲ್ಲಿನ ವಾಡಿಕೆ. ಒಂದೇ ಡೋಸ್ ಕೊಡುವ ಆಯ್ಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿತು. ಅದಕ್ಕೆ ಸಿಕ್ಕ ಮುಖ್ಯ ಪುರಾವೆಗಳಲ್ಲಿ ಒಂದು ನಮ್ಮ ದೇಶದ್ದೇ. 2010ರ ಆ ತಡೆಯಾಜ್ಞೆಯಿಂದಾಗಿ, ಖಮ್ಮಂ ಯೋಜನೆಗೆ ಸಂಬಂಧವಿಲ್ಲದ ಇನ್ನೊಂದು ಅಧ್ಯಯನವೂ ಅರ್ಧಕ್ಕೆ ನಿಂತು, ಅದರಲ್ಲಿದ್ದ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಕೈಬಿಡದೆ ಹತ್ತು ವರ್ಷ ಗಮನಿಸಿದರು. ಗರ್ಭಕೊರಳಿನ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು ಶೇ 70ಕ್ಕೆ ಕಾರಣವಾದ 16 ಮತ್ತು 18ನೇ ಬಗೆಯ ವೈರಸ್ಸುಗಳ ಹಠಮಾರಿ (ದೇಹ ಬಿಟ್ಟು ಹೋಗದೆ ಉಳಿಯುವ) ಸೋಂಕಿನಿಂದ ಒಂದು ಡೋಸ್ ಕೂಡ ಶೇ 95ರಷ್ಟು ರಕ್ಷಣೆ ಕೊಟ್ಟಿದೆಯೆಂದು 2021ರಲ್ಲಿ ವರದಿಯಾಯಿತು.

ಎಚ್‌ಐವಿ ಇರುವ ಅಥವಾ ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಿಗೆ ಮಾತ್ರ ಒಂದು ಡೋಸ್ ಸಾಲದು. ಅಂಥವರಿದ್ದರೆ ಹೆಸರು ಹೊರಬೀಳದಂತೆ, ಹೆತ್ತವರ ಮೂಲಕವೇ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಯುವಂತೆ ಮಾಡಿ. ಸಾಧ್ಯವಾದರೆ ಆ ವೈದ್ಯಾಧಿಕಾರಿಯನ್ನೂ ಊರಿನ ಆಶಾ ಕಾರ್ಯಕರ್ತೆಯನ್ನೂ ಸಭೆಗೆ ಕರೆಯಿರಿ, ಮತ್ತು ಒಪ್ಪಿಗೆ ಪತ್ರವನ್ನು ಸಭೆಯಲ್ಲೇ ತುಂಬಿಸಿಕೊಳ್ಳದೆ, ಮನೆಗೆ ಒಯ್ದು ಮಾತಾಡಿಕೊಂಡು ಬರಲು ಹೆತ್ತವರಿಗೆ ಎರಡು ದಿನ ಬಿಡಿ.